ನಾಂಪಲ್ಲಿಯ ಅಡಿಯಲ್ಲಿರುವ ಧಾರವಾಡ

ಧಾರವಾಡವೆಂದೊಡನೆ ನಮಗೆ ನೆನಪಾಗುವುದು ಪೇಡೆ, ಸಂಗೀತ, ಸಾಹಿತ್ಯ. ಹೈದರಾಬಾದಿನಲ್ಲಿ ನೆಲೆಸಿರುವ ನಮ್ಮಂಥ ಕನ್ನಡಿಗರಿಗೆ ಅದು ರೈಲಿನಲ್ಲಿ ರಾತ್ರಿ ಕಳೆದು ತಲುಪಬೇಕಾದ ಊರು. ಆದರೆ ಭೂವಿಜ್ಞಾನಿಗಳ ನಕಾಶೆಯನ್ನು ಬಿಡಿಸಿ ನೋಡಿದರೆ ನಾವು ಧಾರವಾಡವನ್ನು ಬಿಟ್ಟು ಬಂದೇ ಇಲ್ಲ. ಅವರ ಭಾಷೆಯಲ್ಲಿ ಧಾರವಾಡವೆಂದರೆ ಒಂದು ಊರಲ್ಲ. ಕರ್ನಾಟಕದ ಬಹುಭಾಗವನ್ನೂ ತೆಲಂಗಾಣ ಮತ್ತು ಆಂಧ್ರಗಳ ವಿಸ್ತಾರವಾದ ಪ್ರದೇಶವನ್ನೂ ಹೊತ್ತು ನಿಂತಿರುವ ಅತಿ ಪ್ರಾಚೀನವಾದ ಶಿಲಾಪೀಠ. ನಾಂಪಲ್ಲಿಯ ರೈಲು ನಿಲ್ದಾಣ, ಪಬ್ಲಿಕ್ ಗಾರ್ಡನ್, ಅದರ ಆಚೆಗಿರುವ ನೌಬತ್ ಪಹಾಡ್ ಇವೆಲ್ಲವೂ ಆ ಪೀಠದ ಪೂರ್ವಾರ್ಧದ ಮೇಲೆ ನಿಂತಿವೆ.

ಈ ಹೆಸರು ಬಂದ ಬಗೆ ಹೀಗಿದೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯ ರಾಬರ್ಟ್ ಬ್ರೂಸ್ ಫೂಟ್ ಎಂಬವರು 1880ರ ದಶಕದಲ್ಲಿ ದಕ್ಷಿಣದ ಶಿಲೆಗಳನ್ನು ಪರಿಶೀಲಿಸುತ್ತ, ಧಾರವಾಡದ ಸುತ್ತಮುತ್ತ ಕಂಡ ಕಪ್ಪು-ಹಸಿರು ಛಾಯೆಯ ಪದರುಗಲ್ಲುಗಳಿಗೆ ಆ ಊರಿನ ಹೆಸರನ್ನೇ ಕೊಟ್ಟರು. ಹಟ್ಟಿಯ ಚಿನ್ನ ಸಿಗುವುದೂ ಅಂಥದೇ ಕಲ್ಲಿನ ಪಟ್ಟಿಯಲ್ಲಿ. 1894ರಲ್ಲಿ ಮೈಸೂರು ಸಂಸ್ಥಾನ ತನ್ನದೇ ಭೂವಿಜ್ಞಾನ ಇಲಾಖೆಯನ್ನು ಸ್ಥಾಪಿಸಿದಾಗ ಅದರ ಮೊದಲ ಮುಖ್ಯಸ್ಥರಾದವರೂ ಫೂಟ್ ಅವರೇ. ಕಾಲಕ್ರಮದಲ್ಲಿ ಆ ಹೆಸರು ಪದರುಗಲ್ಲಿನ ಪಟ್ಟಿಗಳನ್ನು ದಾಟಿ, ಅವನ್ನು ಸುತ್ತುವರಿದ ಇಡೀ ನೆಲಕ್ಕೆ ಅಂಟಿಕೊಂಡಿತು. ಆದ್ದರಿಂದ ಇದರಲ್ಲಿ ನಾವು ಬೀಗುವಂಥದೇನೂ ಇಲ್ಲ. ಕಲ್ಲಿಗೆ ಕನ್ನಡವೂ ಇಲ್ಲ, ತೆಲುಗೂ ಇಲ್ಲ, ಉರ್ದುವೂ ಇಲ್ಲ. 1956ರ ನವೆಂಬರ್ 1ರಂದು ರಾಯಚೂರು, ಗುಲ್ಬರ್ಗಾ, ಬೀದರ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಬೇರೆಯಾಗಿ ಮೈಸೂರು ರಾಜ್ಯವನ್ನು ಸೇರಿದಾಗ ಎಳೆದ ಗೆರೆ ನೆಲದ ಮೇಲಿನದು. ನೆಲದ ಒಳಗೆ ಅಂಥ ಗೆರೆಯಿಲ್ಲ.

ಕಲಬುರಗಿಯ ಕಡೆಯಿಂದ ನಾಂಪಲ್ಲಿಗೆ ಬರುವ ರೈಲಿನಲ್ಲಿ ಕಿಟಕಿಯ ಪಕ್ಕ ಕುಳಿತವರಿಗೆ ಈ ನೆಲದ ಚರಿತ್ರೆ ಒಂದಿಷ್ಟು ಕಣ್ಣಿಗೆ ಬೀಳುತ್ತದೆ. ವಾಡಿಯಿಂದ ಸಿಕಂದರಾಬಾದಿನವರೆಗಿನ ಹಳಿ 1874ರಲ್ಲಿ ತೆರೆಯಿತು. ನಾಂಪಲ್ಲಿಯ ನಿಲ್ದಾಣ 1907ರದು. ಕಲಬುರಗಿಯ ಎರೆಭೂಮಿ ಕರಿಕಲ್ಲು ಸವೆದು ಆದ ಮಣ್ಣು. ಶಹಾಬಾದ್, ವಾಡಿ, ತಾಂಡೂರುಗಳಲ್ಲಿ ಸುಣ್ಣದ ಕಲ್ಲು ಹಾಳೆಹಾಳೆಯಾಗಿ ಏಳುತ್ತದೆ. ನಮ್ಮ ಮನೆಗಳ ಪಡಸಾಲೆಗೆ ಹಾಸಿದ ಫರಸಿ ಅದೇ. ಬಹು ಹಿಂದೆ ಅಲ್ಲಿದ್ದ ಒಂದು ಸಮುದ್ರದ ತಳದಲ್ಲಿ ಕೆಸರು ಕೂತು ಗಟ್ಟಿಯಾದದ್ದು. ವಿಕಾರಾಬಾದಿನ ಗುಡ್ಡಗಳಲ್ಲಿ ಮತ್ತೆ ಕರಿಕಲ್ಲು, ಅದರ ನೆತ್ತಿಯ ಮೇಲೆ ಬೀದರದಲ್ಲಿರುವಂಥ ಕೆಂಪು ಜಂಬಿಟ್ಟಿಗೆ. ಅದನ್ನು ದಾಟಿ ಶಂಕರಪಲ್ಲಿ, ಲಿಂಗಂಪಲ್ಲಿಗಳ ಕಡೆಗೆ ಇಳಿದರೆ ದೃಶ್ಯವೇ ಬದಲಾಗುತ್ತದೆ. ಒಂದರ ಮೇಲೊಂದು ಏರಿಸಿಟ್ಟಂತೆ ಕಾಣುವ ಉರುಟಾದ, ಬೂದು ಮತ್ತು ನಸುಗೆಂಪು ಬಣ್ಣದ ಬಂಡೆಗಳು ಶುರುವಾಗುತ್ತವೆ. ಇದು ಗ್ರಾನೈಟ್. ರಾಯಚೂರಿನ ಕಡೆಯಿಂದ ಬರುವವರಿಗೆ ಇದು ಪರಿಚಿತವೇ, ಏಕೆಂದರೆ ಅವರ ಊರಿನ ಬೆಟ್ಟವೂ ಇಂಥದೇ.

ಕಲಬುರಗಿಯ ಕರಿಕಲ್ಲೂ ಇಲ್ಲಿಯ ಗ್ರಾನೈಟೂ ಅಗ್ನಿಶಿಲೆಗಳೇ. ಎರಡೂ ಕರಗಿದ ಶಿಲಾಪಾಕ ಆರಿ ಗಟ್ಟಿಯಾದವು. ಆದರೆ ಕರಿಕಲ್ಲಿನ ಪಾಕ ಸುಮಾರು 6.6 ಕೋಟಿ ವರ್ಷಗಳ ಹಿಂದೆ ಭೂಮಿಯ ಬಿರುಕುಗಳಿಂದ ಉಕ್ಕಿ, ಬಯಲಿನಲ್ಲಿ ಹರಡಿ, ಗಾಳಿಗೆ ಬೇಗ ಆರಿತು. ಹೀಗೆ ಪದರದ ಮೇಲೆ ಪದರ ಬಿದ್ದದ್ದರಿಂದ ಮೆಟ್ಟಿಲು ಮೆಟ್ಟಿಲಾದ ಗುಡ್ಡಗಳಾದವು. ಮೆಟ್ಟಿಲೆಂಬ ಅರ್ಥದ ಸ್ವೀಡಿಷ್ ಶಬ್ದದಿಂದಲೇ ಅದಕ್ಕೆ ಡೆಕ್ಕನ್ ಟ್ರ್ಯಾಪ್ ಎಂಬ ಹೆಸರು. ಗ್ರಾನೈಟಿನ ಪಾಕವಾದರೋ ಹೊರಗೆ ಬರಲೇ ಇಲ್ಲ. ನೆಲದಿಂದ ಹಲವು ಕಿಲೋಮೀಟರ್ ಆಳದಲ್ಲಿ, ಮೇಲಿನ ಕಲ್ಲಿನ ಹೊದಿಕೆಯಡಿ, ಲಕ್ಷಾಂತರ ವರ್ಷ ನಿಧಾನವಾಗಿ ಆರಿತು.

ನಿಧಾನಕ್ಕೂ ಬೇಗಕ್ಕೂ ಆಗುವ ವ್ಯತ್ಯಾಸ ಏನೆಂಬುದು ನಮ್ಮ ಗೃಹಿಣಿಯರಿಗೆ ಗೊತ್ತು. ಸಕ್ಕರೆಯ ಪಾಕವನ್ನು ಒಲೆಯಿಂದ ಇಳಿಸಿ ತಿರುವುತ್ತ ಬೇಗ ಆರಿಸಿದರೆ ಪುಡಿಯಂಥ ಸಣ್ಣ ಹರಳು. ಅದೇ ಪಾಕದಲ್ಲಿ ದಾರ ಇಳಿಬಿಟ್ಟು ಅಲುಗಿಸದೆ ದಿನಗಟ್ಟಲೆ ಇಟ್ಟರೆ ದಪ್ಪ ಹರಳಿನ ಕಲ್ಲುಸಕ್ಕರೆ. ಕರಿಕಲ್ಲಿನ ಹರಳು ಬರಿಗಣ್ಣಿಗೆ ಕಾಣದಷ್ಟು ಸಣ್ಣವು. ಗ್ರಾನೈಟಿನವು ಕಡಲೆಬೇಳೆಯಷ್ಟು, ಕೆಲವೆಡೆ ಹೆಬ್ಬೆರಳಿನಷ್ಟು ದಪ್ಪ. ಕಲ್ಲನ್ನು ಕೈಯಲ್ಲಿ ಹಿಡಿದು ಅದು ಎಲ್ಲಿ ಆರಿತೆಂದು ಹೇಳಲು ಹರಳಿನ ಗಾತ್ರವನ್ನು ನೋಡಿದರೆ ಸಾಕು.

ಇಂದು ಇಷ್ಟು ಸರಳವಾಗಿ ಹೇಳುವ ಈ ಸಂಗತಿ ಒಂದು ಕಾಲಕ್ಕೆ ಯುರೋಪಿನ ಪಂಡಿತರಲ್ಲಿ ದೊಡ್ಡ ಜಗಳಕ್ಕೆ ಕಾರಣವಾಗಿತ್ತು. ಜರ್ಮನಿಯ ಫ್ರೈಬರ್ಗ್ ನಗರದ ಪ್ರಸಿದ್ಧ ಅಧ್ಯಾಪಕ ವರ್ನರ್, ಗ್ರಾನೈಟ್ ಹುಟ್ಟಿದ್ದು ಆದಿಸಮುದ್ರದ ನೀರಿನಲ್ಲಿ, ಉಪ್ಪು ಕೂತಂತೆ ಕೂತು ಗಟ್ಟಿಯಾದ ಮೊದಲ ಕಲ್ಲು ಅದೇ ಎಂದು ಬೋಧಿಸುತ್ತಿದ್ದನು. ಸ್ಕಾಟ್ಲೆಂಡಿನ ಜೇಮ್ಸ್ ಹಟನ್ ಇದನ್ನು ಒಪ್ಪಲಿಲ್ಲ. ಗ್ರಾನೈಟ್ ಮೊದಲ ಕಲ್ಲಾಗಿದ್ದರೆ ಅದು ಬೇರೆ ಕಲ್ಲುಗಳ ಅಡಿಯಲ್ಲಿ ತೆಪ್ಪಗೆ ಇರಬೇಕು. ಕರಗಿ ಬಂದದ್ದಾಗಿದ್ದರೆ ಹಳೆಯ ಕಲ್ಲಿನ ಬಿರುಕುಗಳಿಗೆ ನುಗ್ಗಿರಬೇಕು ಎಂಬುದು ಆತನ ತರ್ಕ. 1785ರಲ್ಲಿ ಗ್ಲೆನ್ ಟಿಲ್ಟ್ ಎಂಬ ಕಣಿವೆಯ ಹೊಳೆಯಲ್ಲಿ ಆತ ಹುಡುಕುತ್ತಿದ್ದುದು ಸಿಕ್ಕಿತು. ಕಪ್ಪು ಪದರುಗಲ್ಲಿನೊಳಕ್ಕೆ ಕೆಂಪು ಗ್ರಾನೈಟ್ ಬೇರು ಬಿಟ್ಟಂತೆ ನುಗ್ಗಿತ್ತು. ಆತನ ಸಂತೋಷವನ್ನು ಕಂಡ ದಾರಿತೋರಕರು ಬೆಳ್ಳಿಯೋ ಚಿನ್ನವೋ ಸಿಕ್ಕಿರಬೇಕೆಂದು ತಿಳಿದರಂತೆ. ಆತನ ಗೆಳೆಯ ಜೇಮ್ಸ್ ಹಾಲ್ 1798ರಲ್ಲಿ ಕರಿಕಲ್ಲಿನ ಜಾತಿಯ ಕಲ್ಲನ್ನು ಕುಲುಮೆಯಲ್ಲಿ ಕರಗಿಸಿ, ಬೇಗ ಆರಿಸಿದರೆ ಗಾಜು, ನಿಧಾನ ಆರಿಸಿದರೆ ಮತ್ತೆ ಹರಳುಗಲ್ಲು ಆಗುತ್ತದೆಂದು ತೋರಿಸಿದನು.

ಹಾಗಾದರೆ ಆಳದಲ್ಲಿ ಕಲ್ಲು ಕರಗುವುದಾದರೂ ಹೇಗೆ? ನೆಲದೊಳಕ್ಕೆ ಪ್ರತಿ ಕಿಲೋಮೀಟರ್ ಇಳಿದಂತೆ ಉಷ್ಣತೆ ಸಾಮಾನ್ಯವಾಗಿ 25ರಿಂದ 30 ಡಿಗ್ರಿ ಏರುತ್ತದೆ. ನಮ್ಮ ಕಾಲಡಿಯ ಭೂಮಿಯ ಗಟ್ಟಿ ತೊಗಟೆ ಸುಮಾರು 35 ಕಿಲೋಮೀಟರ್ ದಪ್ಪ. ಅದರ ತಳದ ಕಲ್ಲು ಕೆಂಪಗೆ ಕಾದಿದ್ದರೂ ಸಾಮಾನ್ಯವಾಗಿ ಕರಗದು. ಅದನ್ನು ಕರಗಿಸಲು ಎರಡು ಸಹಾಯ ಬೇಕು. ಒಂದು, ಕೆಳಗಿನಿಂದ ಇನ್ನೂ ಬಿಸಿಯಾದ ಪಾಕ ಬಂದು ತಾಗುವುದು. ಎರಡು, ನೀರು. ಒಣಗಿದ್ದರೆ 900 ಡಿಗ್ರಿ ದಾಟಿದರೂ ಪೂರ್ತಿ ಕರಗದ ಗ್ರಾನೈಟಿನ ದ್ರವ್ಯ, ಒತ್ತಡದಲ್ಲಿ ನೀರಿನಂಶ ಬೆರೆತರೆ 650 ಡಿಗ್ರಿಯ ಆಸುಪಾಸಿನಲ್ಲೇ ಕರಗಲು ತೊಡಗುತ್ತದೆ. ಇದನ್ನು ವಾಷಿಂಗ್ಟನ್ನಿನ ಪ್ರಯೋಗಾಲಯದಲ್ಲಿ ಟಟಲ್ ಮತ್ತು ಬೋವೆನ್ ಎಂಬವರು ಅಳೆದು 1958ರಲ್ಲಿ ಪ್ರಕಟಿಸಿದರು. ಕರಗಿದ್ದು ಸುತ್ತಲಿನ ಕಲ್ಲಿಗಿಂತ ಹಗುರ. ಆದ್ದರಿಂದ ನೀರಿನಲ್ಲಿ ಎಣ್ಣೆ ಮೇಲೇರುವಂತೆ ಬಿರುಕುಗಳನ್ನು ಹಿಡಿದು ಏರುತ್ತದೆ. ಏರಿದಂತೆ ಆರುತ್ತ, ಮಂದವಾಗುತ್ತ, ನೆಲ ಮುಟ್ಟುವ ಮೊದಲೇ ನಿಂತುಬಿಡುತ್ತದೆ.

ಆರುವಾಗ ಎಲ್ಲ ಹರಳುಗಳೂ ಒಟ್ಟಿಗೆ ಕಟ್ಟುವುದಿಲ್ಲ. ಸಾಮಾನ್ಯವಾಗಿ ಕಪ್ಪು ಖನಿಜಗಳದು ಮೊದಲ ಸರದಿ. ಆಮೇಲೆ ಬಿಳಿಯ ಮತ್ತು ನಸುಗೆಂಪಿನ ಫೆಲ್‌ಸ್ಪಾರ್. ಕೊನೆಗೆ, ಉಳಿದ ಸಂದುಗಳನ್ನೆಲ್ಲ ತುಂಬುತ್ತ, ಗಾಜಿನಂತೆ ಬೂದಾಗಿ ಮಿನುಗುವ ಬೆಣಚು. ಮೊದಲು ಬಂದವರು ತಮಗೆ ಬೇಕಾದ ಆಕಾರದಲ್ಲಿ ಕೂತರೆ, ಕೊನೆಗೆ ಬಂದ ಬೆಣಚು ಸಿಕ್ಕ ಜಾಗದ ಆಕಾರವನ್ನೇ ತಳೆಯಬೇಕಾಗುತ್ತದೆ. ಹೊಸದಾಗಿ ಒಡೆದ ಗ್ರಾನೈಟನ್ನು ಬಿಸಿಲಿಗೆ ಹಿಡಿದರೆ ಈ ಮೂರನ್ನೂ ಗುರುತಿಸಬಹುದು. ಹಾಳೆಹಾಳೆಯಾಗಿ ಹೊಳೆಯುವ ಕಪ್ಪು ಚೂರು ನಮ್ಮ ಹಳ್ಳಿಯ ಮಕ್ಕಳು ಕಾಗೆಬಂಗಾರವೆನ್ನುವ ಅಭ್ರಕ. ಹರಳುಗಳು ಹೀಗೆ ಒಂದರೊಳಗೊಂದು ಹೆಣೆದುಕೊಂಡದ್ದರಿಂದಲೇ ಈ ಕಲ್ಲಿಗೆ ಅಷ್ಟು ಗಟ್ಟಿತನ.

ಇಲ್ಲಿ ಒಂದು ಮಾತನ್ನು ಹೇಳಬೇಕು. ಅಡುಗೆಮನೆಯ ಕಟ್ಟೆಗೆಂದು ಅಂಗಡಿಯವರು ಮಾರುವ ಅಚ್ಚ ಕಪ್ಪು ಗ್ರಾನೈಟ್ ಬಹುಮಟ್ಟಿಗೆ ಗ್ರಾನೈಟೇ ಅಲ್ಲ. ಅದು ಡಾಲರೈಟ್, ಕರಿಕಲ್ಲಿನ ದಾಯಾದಿ. ಗ್ರಾನೈಟ್ ಗಟ್ಟಿಯಾಗಿ ಎಷ್ಟೋ ಕಾಲವಾದ ಮೇಲೆ ಅದರಲ್ಲಿ ಬಿದ್ದ ನೇರವಾದ ಬಿರುಕುಗಳಿಗೆ ಕಪ್ಪು ಪಾಕ ನುಗ್ಗಿ ಗೋಡೆಗಳಂತೆ ಆರಿತು. ಅಂಥ ಗೋಡೆಗಳ ಒಂದು ದೊಡ್ಡ ಹಿಂಡು ಬೆಂಗಳೂರಿನಿಂದ ತೆಲಂಗಾಣದ ಕರೀಂನಗರದವರೆಗೆ ಹಬ್ಬಿದೆ. ವಯಸ್ಸು ಸುಮಾರು 236 ಕೋಟಿ ವರ್ಷ. ಉಪ್ಪಲಿನಲ್ಲಿರುವ ರಾಷ್ಟ್ರೀಯ ಭೂಭೌತ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳೂ ಇದನ್ನು ಅಳೆದವರಲ್ಲಿ ಸೇರಿದ್ದಾರೆ. ಬೆಂಗಳೂರಿಗೂ ಹೈದರಾಬಾದಿಗೂ ನಡುವಿನ ಹಳೆಯ ಸಂಬಂಧಗಳಲ್ಲಿ ಇದಕ್ಕಿಂತ ಹಳೆಯದು ಅಪರೂಪ.

ಕರ್ನಾಟಕದ ಗ್ರಾನೈಟಿನ ಮಾತು ಬಂದಾಗ ನೆನೆಯಲೇಬೇಕಾದ ಹೆಸರು ಡಾ. ಬಿ. ಪಿ. ರಾಧಾಕೃಷ್ಣ. ಮೈಸೂರು ಭೂವಿಜ್ಞಾನ ಇಲಾಖೆಯಲ್ಲಿ ದುಡಿದು, 1958ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಸ್ಥಾಪನೆಗೆ ಕಾರಣರಾಗಿ, ಅದರ ಪತ್ರಿಕೆಯನ್ನು ದೀರ್ಘಕಾಲ ಬೆಳೆಸಿದ ಅವರು 2012ರಲ್ಲಿ ತೀರಿಕೊಂಡರು. ಅವರ ಸಂಶೋಧನೆಯ ವಿಷಯ ಕ್ಲೋಸ್‌ಪೇಟೆ ಗ್ರಾನೈಟ್. ಕ್ಲೋಸ್‌ಪೇಟೆಯೆಂದರೆ ಇಂದಿನ ರಾಮನಗರ. ಮೈಸೂರಿನ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನಿಂದ ಬಂದ ಹೆಸರು. 1975ರಲ್ಲಿ ತೆರೆಕಂಡ ಶೋಲೆ ಚಿತ್ರದಲ್ಲಿ ಗಬ್ಬರ್ ಸಿಂಗನ ಅಡಗುತಾಣವಾಗಿ ನಾವೆಲ್ಲ ಕಂಡದ್ದು ಆ ಬಂಡೆಗಳನ್ನೇ. ದಕ್ಷಿಣದಲ್ಲಿ ಕನಕಪುರದ ಕಡೆಯಿಂದ ಹೊರಟು ಉತ್ತರದಲ್ಲಿ ಹಂಪಿಯನ್ನು ದಾಟುವ ಈ ಗ್ರಾನೈಟಿನ ಪಟ್ಟಿ ಸುಮಾರು 400 ಕಿಲೋಮೀಟರ್ ಉದ್ದ. ರಾಧಾಕೃಷ್ಣ ಅವರು 1950ರ ದಶಕದಲ್ಲಿ ಅದನ್ನು ಅಭ್ಯಸಿಸಿದಾಗ ಹಳೆಯ ಜಗಳ ಹೊಸ ರೂಪದಲ್ಲಿ ನಡೆಯುತ್ತಿತ್ತು. ಗ್ರಾನೈಟ್ ಕರಗಿದ ಪಾಕದಿಂದ ಆದದ್ದೋ, ಅಥವಾ ಹಳೆಯ ಕಲ್ಲೇ ಕರಗದೆ, ಬಿಸಿ ದ್ರವಗಳು ಒಳಹೊಕ್ಕು, ಇದ್ದಲ್ಲೇ ಗ್ರಾನೈಟಾಗಿ ಮಾರ್ಪಟ್ಟದ್ದೋ ಎಂಬುದು ಪ್ರಶ್ನೆ. ಈಗಿನ ವಿಜ್ಞಾನಿಗಳು ಬಹುಮಟ್ಟಿಗೆ ಪಾಕದ ಪಕ್ಷದವರು. ತೊಗಟೆಯ ಅಡಿಯಿಂದ ಬಂದ ಬಿಸಿ ಪಾಕವೂ, ಅದರ ತಾಪಕ್ಕೆ ಕರಗಿದ ಹಳೆಯ ಕಲ್ಲೂ ಬೆರೆತು ಕ್ಲೋಸ್‌ಪೇಟೆ ಗ್ರಾನೈಟ್ ಆಯಿತೆನ್ನುತ್ತಾರೆ.

ಆ ಪಟ್ಟಿಯ ಸ್ವಾರಸ್ಯ ಇನ್ನೊಂದಿದೆ. ಕಾಲಾಂತರದಲ್ಲಿ ಇಡೀ ನೆಲ ಓರೆಯಾಗಿ ಎದ್ದು, ದಕ್ಷಿಣದ ಭಾಗ ಹೆಚ್ಚು ಸವೆಯಿತು. ಆದ್ದರಿಂದ ಕನಕಪುರದ ಕಡೆ ಇಂದು ಹೊರಗೆ ಕಾಣುವುದು ಒಮ್ಮೆ 20 ಕಿಲೋಮೀಟರಿಗೂ ಆಳದಲ್ಲಿದ್ದ, ಪಾಕ ಹುಟ್ಟಿ ಬೆರೆಯುತ್ತಿದ್ದ ಬೇರಿನ ಭಾಗ; ಹಂಪಿಯ ಕಡೆ ಕಾಣುವುದು ಪಾಕ ಏರಿ ಬಂದು ತಂಗಿದ ಮೇಲಿನ ಭಾಗ. ಕನಕಪುರದಿಂದ ಹಂಪಿಗೆ ಹೋದವರು ಒಲೆಯಿಂದ ಹೊರಟು ಹೊಗೆಗೂಡಿನತ್ತ ಹತ್ತಿದಂತೆ. ನೆಲದೊಳಗೆ ಗ್ರಾನೈಟ್ ಹೇಗಾಗುತ್ತದೆಂದು ತಿಳಿಯಲು ಬಾವಿ ತೋಡುವ ಅಗತ್ಯವಿಲ್ಲದೆ, ರಸ್ತೆಯಲ್ಲಿ ನಡೆದು ನೋಡಬಹುದಾದ ಜಾಗ ಜಗತ್ತಿನಲ್ಲಿ ಬಹಳವಿಲ್ಲ.

ವಯಸ್ಸನ್ನು ಹೇಗೆ ಬಲ್ಲರು? ಗ್ರಾನೈಟಿನಲ್ಲಿ ಜಿರ್ಕಾನ್ ಎಂಬ ಧೂಳಿನಷ್ಟು ಸಣ್ಣ ಹರಳುಗಳಿವೆ. ಅವು ಕಟ್ಟುವಾಗ ಯುರೇನಿಯಮ್ಮನ್ನು ಒಳಗೆ ಬಿಟ್ಟುಕೊಳ್ಳುತ್ತವೆ, ಸೀಸವನ್ನು ಬಿಟ್ಟುಕೊಳ್ಳುವುದಿಲ್ಲ. ಯುರೇನಿಯಂ ಗೊತ್ತಾದ ವೇಗದಲ್ಲಿ ಸೀಸವಾಗುತ್ತ ಹೋಗುತ್ತದೆ. ಎಷ್ಟು ಸೀಸ ಕೂಡಿದೆಯೆಂದು ಅಳೆದರೆ ಹರಳು ಎಂದು ಕಟ್ಟಿತೆಂಬ ಲೆಕ್ಕ ಸಿಗುತ್ತದೆ. ಹೀಗೆ ಕ್ಲೋಸ್‌ಪೇಟೆ ಗ್ರಾನೈಟಿಗೆ ಸುಮಾರು 251 ಕೋಟಿ ವರ್ಷವೆಂದು ತಿಳಿಯಿತು. ಹೈದರಾಬಾದಿನ ಗ್ರಾನೈಟೂ ಹೆಚ್ಚುಕಡಿಮೆ ಅದೇ ಕಾಲದ್ದು, 250 ಕೋಟಿಯ ಆಸುಪಾಸು. ಬೆಂಗಳೂರಿನ ಲಾಲ್‌ಬಾಗಿನ ಬಂಡೆ ಇವಕ್ಕೆ ಅಜ್ಜನ ಸ್ಥಾನದ್ದು, 300 ಕೋಟಿಗೂ ಮಿಕ್ಕಿದ್ದು. ಒಟ್ಟಿನಲ್ಲಿ ರಾಮನಗರದಿಂದ ನಾಂಪಲ್ಲಿಯವರೆಗೆ ನೆಲದ ಅಡಿ ಒಂದೇ ಯುಗದಲ್ಲಿ ಬೆಂದದ್ದು. ಆಗ ಭೂಮಿಯ ಮೇಲೆ ಗಿಡವಿಲ್ಲ, ಪ್ರಾಣಿಯಿಲ್ಲ; ನೀರಿನಲ್ಲಿ ಸೂಕ್ಷ್ಮಜೀವಿಗಳು ಮಾತ್ರ.

ಆಳದ ಕಲ್ಲು ಇಂದು ಬಂಜಾರಾ ಹಿಲ್ಸಿನ ಮೇಲೆ ಕೂತಿದೆಯೆಂದರೆ ಅದರ ಮೇಲಿದ್ದ ಹಲವು ಕಿಲೋಮೀಟರ್ ಕಲ್ಲು ಮಳೆಗಾಳಿಗೆ ಸವೆದು ಹೋಗಿದೆಯೆಂದೇ ಅರ್ಥ. ಮೇಲಿನ ಭಾರ ಇಳಿದಂತೆ ಗ್ರಾನೈಟ್ ತುಸು ಹಿಗ್ಗಿ, ಅಡ್ಡಡ್ಡ, ಉದ್ದುದ್ದ ಬಿರಿಯಿತು. ಬಿರುಕುಗಳಲ್ಲಿ ನೀರು ಇಳಿದು ಫೆಲ್‌ಸ್ಪಾರನ್ನು ಜೇಡಿಯಾಗಿಸಿತು. ಚೌಕವಾದ ತುಂಡಿನ ಮೂಲೆಗಳಿಗೆ ಎರಡು ಮೂರು ಕಡೆಯಿಂದ ನೀರು ತಾಗುವುದರಿಂದ ಮೂಲೆಗಳೇ ಮೊದಲು ಕರಗಿ, ನಡುವೆ ಗುಂಡು ಉಳಿಯಿತು. ಸುತ್ತಲಿನ ಗರಸು, ಇಲ್ಲಿಯವರು ಮೊರಂ ಎನ್ನುವ ಒರಟು ಮಣ್ಣು, ಮಳೆಗೆ ಕೊಚ್ಚಿಹೋದ ಮೇಲೆ ಗುಂಡುಗಳು ಒಂದರ ಮೇಲೊಂದು ಕೂತವು. ಭೀಮನೋ ರಾಕ್ಷಸನೋ ಎತ್ತಿಟ್ಟಂತೆ ಕಾಣುವ ಬಂಡೆಗಳನ್ನು ಯಾರೂ ಎತ್ತಿಡಲಿಲ್ಲ. ಅವು ಇದ್ದಲ್ಲೇ ಇವೆ. ಸುತ್ತಲಿನದು ಹೋಯಿತು, ಅಷ್ಟೇ.

ಈ ನೆಲದ ರಾಜರ ಚರಿತ್ರೆಗೂ ಈ ಕಲ್ಲಿಗೂ ಬಿಡಿಸಲಾರದ ನಂಟು. ಗೊಲ್ಲರ ಬೆಟ್ಟವೆಂಬ ಅರ್ಥದ ಗೋಲ್ಕೊಂಡದಲ್ಲಿ ಬಂಡೆಗಳನ್ನೇ ಗೋಡೆಯೊಳಗೆ ಸೇರಿಸಿಕೊಂಡು ಕೋಟೆ ಕಟ್ಟಿದರು. 1294ರಲ್ಲಿ ಕಾಕತೀಯರ ಕಾಲಕ್ಕೆ ಕಟ್ಟಿದ ರಾಯಚೂರಿನ ಕೋಟೆಯಲ್ಲಿ 40 ಅಡಿಗೂ ಉದ್ದದ ಒಂದೇ ಕಲ್ಲಿದೆ. ಅದನ್ನು ಬಂಡಿಯ ಮೇಲೆ ಹೇರಿ ಎಳೆದು ತಂದ ದೃಶ್ಯವನ್ನೂ ಅಲ್ಲಿ ಕೆತ್ತಿದ್ದಾರೆ. 1617ರಲ್ಲಿ ಶುರುವಾಗಿ 1694ರಲ್ಲಿ ಮುಗಿದ ಮೆಕ್ಕಾ ಮಸೀದಿಯ ಒಂದು ಕಲ್ಲನ್ನು ಗಣಿಯಿಂದ ಬಿಡಿಸಲು 500-600 ಜನ 5 ವರ್ಷ ದುಡಿದರೆಂದೂ, ಅದನ್ನು ಸಾಗಿಸಲು 1400 ಎತ್ತು ಬೇಕಾದವೆಂದೂ ಫ್ರೆಂಚ್ ಪ್ರವಾಸಿ ತವೆರ್ನಿಯೆ ತಾನು ಕೇಳಿದ್ದನ್ನು ಬರೆದಿಟ್ಟಿದ್ದಾನೆ. 1939ರಲ್ಲಿ ತೆರೆದ ಉಸ್ಮಾನಿಯಾ ವಿಶ್ವವಿದ್ಯಾಲಯದ ಆರ್ಟ್ಸ್ ಕಾಲೇಜಿನ ಗುಲಾಬಿ ಬಣ್ಣ ಗ್ರಾನೈಟಿನದೇ. ಹುಸೇನ್ ಸಾಗರದ ನಡುವಿನ ಬುದ್ಧನನ್ನು ರಾಯಗಿರಿಯ ಒಂದೇ ಬಂಡೆಯಲ್ಲಿ ಕಡೆದರು. 1990ರ ಮಾರ್ಚಿನಲ್ಲಿ ಸಾಗಿಸುವಾಗ ಅದು ಕೆರೆಗೆ ಉರುಳಿ ಹಲವರು ಪ್ರಾಣ ಕಳೆದುಕೊಂಡರು. 1992ರ ಡಿಸೆಂಬರಿನಲ್ಲಿ ಮೇಲೆತ್ತಿ ನಿಲ್ಲಿಸಲಾಯಿತು. ಎರಡು ವರ್ಷಕ್ಕೂ ಮೇಲೆ ನೀರಿನ ತಳದಲ್ಲಿದ್ದೂ ಆ ಕಲ್ಲಿಗೆ ಕುಂದು ಬರಲಿಲ್ಲ.

ಕೋಟೆಗಿಂತ ಮುಖ್ಯವಾದದ್ದು ಕೆರೆ. ಹೆಣೆದ ಹರಳಿನ ಈ ಕಲ್ಲು ತಾನಾಗಿ ನೀರು ಕುಡಿಯುವುದಿಲ್ಲ. ನೀರು ನಿಲ್ಲುವುದು ಮೇಲಿನ ಮೊರಂನಲ್ಲಿ ಮತ್ತು ಬಿರುಕುಗಳಲ್ಲಿ ಮಾತ್ರ. ಇದನ್ನು ಅನುಭವದಿಂದ ಬಲ್ಲ ಹಿಂದಿನವರು ಎರಡು ಗುಡ್ಡಗಳ ನಡುವೆ ಒಡ್ಡು ಕಟ್ಟಿ ಮಳೆಯ ನೀರನ್ನು ಹಿಡಿದರು. ಇಬ್ರಾಹಿಂ ಕುತುಬ್ ಶಾಹನ ಕಾಲದಲ್ಲಿ, 1560ರ ದಶಕದ ಆದಿಯಲ್ಲಿ ಆದ ಹುಸೇನ್ ಸಾಗರ ಅಂಥದು. ಈಗ ಕೆರೆಗಳು ಕುಗ್ಗಿ, ಮೊರಂ ಮೇಲೆ ಸಿಮೆಂಟು ಬಿದ್ದು, ಪ್ರತಿ ಮನೆಯವರೂ ಬೋರ್‌ವೆಲ್ ಕೊರೆಸುತ್ತೇವೆ. ಪಕ್ಕದ ಮನೆಯದಕ್ಕಿಂತ ಆಳ ಹೋದರೆ ನೀರು ಸಿಗುತ್ತದೆಂಬುದು ನಮ್ಮಲ್ಲಿ ಹಲವರ ನಂಬಿಕೆ. ಗ್ರಾನೈಟಿನಲ್ಲಿ ಲೆಕ್ಕ ಬೇರೆ. ಆಳ ಹೋದಂತೆ ಮೇಲಿನ ಭಾರಕ್ಕೆ ಬಿರುಕುಗಳು ಬಿಗಿಯುತ್ತವೆ, ಕಡಿಮೆಯಾಗುತ್ತವೆ. ಹಣ ಹೆಚ್ಚು ಸುರಿದಷ್ಟೂ ಒಣ ಪುಡಿ ಬರುವ ಸಂಭವವೇ ಹೆಚ್ಚು. ಮಾಳಿಗೆಯ ನೀರನ್ನು ಮನೆಯ ಮುಂದಿನ ಗುಂಡಿಗೆ ಇಳಿಸಿ ಮೊರಂಗೆ ಕುಡಿಸುವುದೇ ಈ ನೆಲ ಒಪ್ಪುವ ದಾರಿ.

ಇನ್ನು ಬಂಡೆಗಳ ಗತಿ. ಜ್ಯೂಬಿಲಿ ಹಿಲ್ಸ್, ಬಂಜಾರಾ ಹಿಲ್ಸ್, ಗಚ್ಚಿಬೌಲಿಗಳಲ್ಲಿ ಮನೆಗಳೂ ಕಚೇರಿಗಳೂ ಎದ್ದಂತೆ ಬಂಡೆಗಳು ಸಿಡಿಮದ್ದಿಗೆ ಪುಡಿಯಾಗಿ ಜಲ್ಲಿಯಾದವು. 1996ರಲ್ಲಿ ಊರಿನ ಕೆಲವು ಕಲಾವಿದರೂ ಹಿತೈಷಿಗಳೂ ಸೇರಿ ಸೊಸೈಟಿ ಟು ಸೇವ್ ರಾಕ್ಸ್ ಎಂಬ ಸಂಘವನ್ನು ಕಟ್ಟಿದರು. ಅವರ ಒತ್ತಾಯದಿಂದ ಕೆಲವು ಬಂಡೆಗಳು ಪರಂಪರೆಯ ಪಟ್ಟಿಯನ್ನೂ ಸೇರಿದವು. ಲಾಲ್‌ಬಾಗಿನ ಬಂಡೆಗೆ 1975ರಲ್ಲೇ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕದ ಮಾನ್ಯತೆ ಸಿಕ್ಕಿದ್ದನ್ನು ಇಲ್ಲಿ ನೆನೆಯಬಹುದು. ಆ ಹೊಸ ಬಡಾವಣೆಗಳಲ್ಲಿ ಮನೆ ಕಟ್ಟಿದವರಲ್ಲಿ ನಮ್ಮವರೂ ಇದ್ದೇವೆ. ಕಲ್ಲಿಲ್ಲದೆ ಮನೆಯಿಲ್ಲವೆಂಬುದೂ ನಿಜ. ಹಾಗೆಂದು ಎಲ್ಲವನ್ನೂ ಒಡೆಯಲೇಬೇಕೆಂದಿಲ್ಲ. ನಿವೇಶನದಲ್ಲಿ ಒಂದು ಬಂಡೆಯಿದ್ದರೆ ಅದನ್ನು ಉಳಿಸಿಕೊಂಡು ಗೋಡೆ ಎಬ್ಬಿಸಬಹುದು. ಗೋಲ್ಕೊಂಡದವರು ಮಾಡಿದ್ದೂ ಅದನ್ನೇ. ಒಡೆದ ಬಂಡೆಯನ್ನು ಮತ್ತೆ ಮಾಡುವ ಕುಲುಮೆ ನಮ್ಮ ಕೈಗೆ ಎಟಕುವ ಆಳದಲ್ಲಿಲ್ಲ.

ನಮ್ಮ ಮಕ್ಕಳು ಹುಟ್ಟಿದ್ದು ಇಲ್ಲಿ. ಊರೆಂದರೆ ಅವರಿಗೆ ರಜೆಯಲ್ಲಿ ಹೋಗಿಬರುವ ಅಜ್ಜಿಯ ಮನೆ. ಅವರನ್ನು ಒಂದು ರವಿವಾರ ನೌಬತ್ ಪಹಾಡಿಗೆ ಕರೆದುಕೊಂಡು ಹೋಗೋಣ. ಅಲ್ಲಿ 1976ರಲ್ಲಿ ತೆರೆದ ಬಿರ್ಲಾ ಮಂದಿರದ ಅಮೃತಶಿಲೆ ರಾಜಸ್ಥಾನದಿಂದ ಬಂದದ್ದು. ಅದನ್ನು ಹೊತ್ತ ಬೆಟ್ಟ ಈ ನೆಲದ್ದೇ. ಮೆಟ್ಟಿಲಿನ ಪಕ್ಕದ ಬಂಡೆಯಲ್ಲಿ ಬೆಣಚು, ಫೆಲ್‌ಸ್ಪಾರ್, ಕಾಗೆಬಂಗಾರಗಳನ್ನು ಹುಡುಕಲು ಹೇಳೋಣ. ಮುಂದಿನ ಸಲ ರಾಯಚೂರಿಗೋ ಹಂಪಿಗೋ ಹೋದಾಗ ಅಲ್ಲಿಯ ಬಂಡೆಯಲ್ಲೂ ಅದೇ ಮೂರನ್ನು ಅವರೇ ಗುರುತಿಸಲಿ.